ಐದು ನಿಮಿಷಕ್ಕೊಂದು ಚೌಕ

ಅಗ್ಲಸಾಲ, ಲಾಟ್ವಿಯಾ
ಮಾರ್ಚ್ 14

ಸರ್ಮೀತೆ,

ನಿನ್ನ ಎರಡು ವಾರದ ರಜೆಗೆ ಇವತ್ತಿಗೆ ಹದಿಮೂರು ತಿಂಗಳು ತುಂಬಿತು. ರಜಾ ಚೀಟಿಗೆ ಸಹಿ ಹಾಕಿದವನು ನಾನೇ. ಅದಿನ್ನೂ ನನ್ನ ಮೇಜಿನ ಗಾಜಿನ ಕೆಳಗೆ ಇದೆ. ಕಾರಣ ಎಂಬಲ್ಲಿ 'ನಾರ್ವೆಯಲ್ಲಿ ಅಕ್ಕನ ಮಗಳ ಮದುವೆ' ಎಂದು ಬರೆದಿದ್ದೀಯ. ನಿನಗೆ ಅಕ್ಕನೇ ಇಲ್ಲವಲ್ಲ ಮಾರಾಯ್ತಿ! ನನಗಿದು ಹೊಳೆದದ್ದು ನೀನು ಹೋಗಿ ಒಂದು ತಿಂಗಳಾದ ಮೇಲೆ. ಹದಿನಾಲ್ಕು ವರ್ಷ ನನ್ನ ಪಕ್ಕದಲ್ಲಿ ನಿಂತು ಸಾವಿರಾರು ಅರಿವಳಿಕೆ ಚಾರ್ಟ್ ತುಂಬಿಸಿದವಳು ಕಾಗದದ ಮೇಲೆ ಬರೆದ ಒಂದೇ ಒಂದು ಸುಳ್ಳು ಅದು. ಅದಕ್ಕೇ ಕಣ್ಣು ಮುಚ್ಚಿ ಸಹಿ ಹಾಕಿದೆ.

ಫೋನು ಮಾಡಬಹುದಿತ್ತು. ಫೋನಿನಲ್ಲಿ ನೀನು 'ಚೆನ್ನಾಗಿದ್ದೇನೆ' ಎನ್ನುತ್ತೀಯ, ನಾನು 'ಸಂತೋಷ' ಎನ್ನುತ್ತೇನೆ, ಮುಗಿಯಿತು. ಕಾಗದದಲ್ಲಿ ಬರೆ. ಅರಿವಳಿಕೆ ಕೊಟ್ಟು ಕೂತಾಗ ಐದು ನಿಮಿಷಕ್ಕೊಂದು ಚೌಕ ತುಂಬಿಸುತ್ತಿದ್ದೆಯಲ್ಲ, ನಾಡಿ, ರಕ್ತದೊತ್ತಡ, ಉಸಿರು, ಹಾಗೆ ಬರೆ. ಬರೆಯದೇ ಬಿಟ್ಟದ್ದು ನಡೆದೇ ಇಲ್ಲ ಎಂದು ನಿನಗೆ ಕಲಿಸಿದವನು ನಾನು.

ಇಲ್ಲಿ ಈಗ ಆಪರೇಷನ್ ಮಂಗಳವಾರ ಮಾತ್ರ. ಅರಿವಳಿಕೆಯ ನರ್ಸನ್ನು ಪಕ್ಕದ ಜಿಲ್ಲೆಯಿಂದ ಎರವಲು ತರುತ್ತೇವೆ, ಸಕ್ಕರೆ ತಂದ ಹಾಗೆ. ಅವಳೂ ಐರ್ಲೆಂಡಿಗೆ ಹೊರಟಿದ್ದಾಳಂತೆ. ಆಗಸ್ಟ್ ಮುಗಿಯುವುದರೊಳಗೆ ನಮ್ಮದೇ ನರ್ಸ್ ಸಿಗದಿದ್ದರೆ ಥಿಯೇಟರಿಗೆ ಬೀಗ ಎಂದು ಆಡಳಿತದವರು ಹೇಳಿಬಿಟ್ಟಿದ್ದಾರೆ. ಆಮೇಲೆ ಹೆರಿಗೆ ಕಷ್ಟವಾದವರು ತೊಂಬತ್ತು ಕಿಲೋಮೀಟರ್ ಹೋಗಬೇಕು.

ವಾಪಸ್ ಬಾ. 'ದಯವಿಟ್ಟು' ಎಂದು ಬರೆಯಲು ಪೆನ್ನು ಒಪ್ಪುತ್ತಿಲ್ಲ.

ನಿನ್ನ ರಜೆ ಮಂಜೂರು ಮಾಡಿದ ಮೂರ್ಖ,
ದೊನಾಟ್ಸ್


ಸ್ಟೈನ್‌ವಿಕ, ನಾರ್ವೆ
ಏಪ್ರಿಲ್ 9

ಡಾಕ್ಟ್ರೇ,

ನಾಡಿ ಎಪ್ಪತ್ತೆರಡು. ಒತ್ತಡ ಸರಿಯಾಗಿದೆ. ಉಸಿರಾಡುತ್ತಿದ್ದೇನೆ.

ಆ ಸುಳ್ಳಿಗೆ ಕ್ಷಮೆ ಕೇಳುವುದಿಲ್ಲ. ನಿಜ ಬರೆದಿದ್ದರೆ ನೀವು ಸಹಿ ಹಾಕುತ್ತಿರಲಿಲ್ಲ. ಹದಿನಾಲ್ಕು ವರ್ಷ ದಿಂಬಿನ ಪಕ್ಕ ಫೋನಿಟ್ಟುಕೊಂಡು ಮಲಗಿದೆ, ಊರಿಗೆಲ್ಲ ಅರಿವಳಿಕೆ ನರ್ಸ್ ನಾನೊಬ್ಬಳೇ. ಒಂದು ದಿನ ಸಾಕೆನಿಸಿತು. ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಬಸ್ಸು ಹತ್ತಿದೆ.

ಇಲ್ಲಿ ನಾನು ನರ್ಸ್ ಅಲ್ಲ. ವೃದ್ಧರ ಆರೈಕೆ ಮನೆಯೊಂದರ ಎರಡನೇ ಮಹಡಿಯಲ್ಲಿ ಆಯಾ. ಮೈ ಒರೆಸುತ್ತೇನೆ, ಹಾಸಿಗೆ ಬದಲಿಸುತ್ತೇನೆ, ಆಲೂಗಡ್ಡೆ ಹಿಚುಕಿ ತಿನ್ನಿಸುತ್ತೇನೆ. ನನ್ನ ಡಿಪ್ಲೊಮಾ ನಮ್ಮ ದೇಶ ಯುರೋಪಿನ ಒಕ್ಕೂಟ ಸೇರುವ ಮೊದಲಿನದು. ನರ್ಸ್ ಪರವಾನಗಿ ಕೊಡುವ ಓಸ್ಲೋದ ಕಚೇರಿಗೆ ಅದರ ಒಂದೊಂದು ಗಂಟೆಗೂ ಪುರಾವೆ ಬೇಕು. ಮಕ್ಕಳ ವಾರ್ಡಿನಲ್ಲಿ ಎಷ್ಟು ಗಂಟೆ ಕಲಿತೆ, ಯಾರು ಕಲಿಸಿದರು, ಅದೂ 1996ರಲ್ಲಿ. ನಮ್ಮ ನರ್ಸಿಂಗ್ ಶಾಲೆ ಮುಚ್ಚಿ ಅಲ್ಲೀಗ ಟೈರ್ ಅಂಗಡಿ ಇದೆ ಎಂದು ಬರೆದೆ. ಹಾಗಿದ್ದರೆ ಟೈರ್ ಅಂಗಡಿಯವರಿಂದ ಒಂದು ಪತ್ರ ತರಿಸಿ ಎಂಬ ಉತ್ತರ ಬಂತು. ತಮಾಷೆ ಮಾಡುತ್ತಿಲ್ಲ.

ಇಲ್ಲಿನ ಕಡಲ ಕೊಲ್ಲಿಯ ಎದುರು ದಡದ ಆಸ್ಪತ್ರೆಯಲ್ಲಿ ಅರಿವಳಿಕೆ ನರ್ಸುಗಳಿಲ್ಲದೆ ಸೊಂಟದ ಆಪರೇಷನ್ನುಗಳನ್ನು ಮುಂದೂಡುತ್ತಿದ್ದಾರೆ. 'ಬೇಕಾಗಿದ್ದಾರೆ' ಎಂಬ ಜಾಹೀರಾತನ್ನು ನಮ್ಮ ಕಾಫಿ ಕೋಣೆಯ ಗೋಡೆಗೇ ಅಂಟಿಸಿದ್ದಾರೆ. ಅದರ ಕೆಳಗೆ ಕೂತು ನಾನು ಕಾಫಿ ಕುಡಿಯುತ್ತೇನೆ. ನಮ್ಮ ಮೂರು ಮಹಡಿಗೂ ಸೇರಿ ಒಬ್ಬಳೇ ನರ್ಸ್. ಅವಳನ್ನೂ ಡೆನ್ಮಾರ್ಕಿನಿಂದ ವಿಮಾನದಲ್ಲಿ ಕರೆಸುತ್ತಾರೆ, ವಾರಕ್ಕೊಬ್ಬಳು. ಹೆಸರು ನೆನಪಾಗುವ ಹೊತ್ತಿಗೆ ಹೋಗಿರುತ್ತಾಳೆ.

ನನ್ನ ಜೊತೆ ಕೆಲಸ ಮಾಡುವವನು ಹಬ್ತೋಮ್, ಎರಿಟ್ರಿಯಾದವನು. ಊರಿನಲ್ಲಿ ಹನ್ನೊಂದು ವರ್ಷ ರಸಾಯನಶಾಸ್ತ್ರದ ಮೇಷ್ಟ್ರು. ಇಲ್ಲಿ ಶಾಲೆಗಳಿಗೆ ವಿಜ್ಞಾನದ ಮೇಷ್ಟ್ರು ಸಿಗುತ್ತಿಲ್ಲವಂತೆ. ಅವನು ಡೈಪರ್ ಎಣಿಸುತ್ತಾನೆ. "ಹಲ್ಲಿದ್ದೋರಿಗೆ ಕಡಲೆ ಇಲ್ಲ, ಕಡಲೆ ಇದ್ದೋರಿಗೆ ಹಲ್ಲಿಲ್ಲ ಕಣೋ," ಅಂದೆ.

"ನಮ್ಮ ಮಹಡೀಲಿ ಹಲ್ಲಿರೋರೇ ಇಲ್ವಲ್ಲಕ್ಕಾ," ಅಂದ.

ಕಳೆದ ವಾರ ಆಸ್ತಾ ಎಂಬ ಅಜ್ಜಿಗೆ ಗಂಟಲಲ್ಲಿ ಕಫ ಕಟ್ಟಿ ತುಟಿ ನೀಲಿಯಾಯಿತು. ಕಫ ಎಳೆಯುವ ಸಕ್ಷನ್ ಯಂತ್ರ ಗೋಡೆಯ ಪೆಟ್ಟಿಗೆಯಲ್ಲೇ ಇತ್ತು. ತೆಗೆದೆ, ಟ್ಯೂಬು ಬಿಟ್ಟೆ, ಎಳೆದೆ. ನಲವತ್ತು ಸೆಕೆಂಡ್. ಅಜ್ಜಿ ಕಣ್ಣು ಬಿಟ್ಟು, ತಿನ್ನಲು ವಾಫಲ್ ಕೇಳಿದಳು. ಮರುದಿನ ಮ್ಯಾನೇಜರ್ ಟುರಿಡ್ ಕರೆಸಿದಳು. ಇಲ್ಲಿ ಎಲ್ಲರೂ ಎಲ್ಲರಿಗೂ 'ನೀನು'.

"ನೀನು ಮಾಡಿದ್ದು ಸರಿ ಅಂತ ನಂಗೂ ಗೊತ್ತು ಸರ್ಮೀತೆ. ಆದ್ರೆ ಆ ಯಂತ್ರ ಮುಟ್ಟೋ ಅಧಿಕಾರ ಆಯಾಗಿಲ್ಲ. ಲೋಪದ ವರದಿ ಬರೀಲೇಬೇಕು."

"ಬರ್ಕೋ," ಅಂದೆ.

"ಇನ್ನೊಂದ್ಸಲ ಆದ್ರೆ ಓಸ್ಲೋಗೂ ತಿಳಿಸ್ಬೇಕಾಗತ್ತೆ. ಆಗ ನಿನ್ನ ಅರ್ಜಿ ಮುಗೀತು ಅಂದ್ಕೋ."

ಕಾಫಿ ಕೊಟ್ಟಳು, ಕುಡಿದೆ.

ಆಗಸ್ಟ್ ಕೊನೆಯವರೆಗೆ ಕಾಯುತ್ತೇನೆ. ಓಸ್ಲೋದ ಕಾಗದ ಬಂದರೆ ಎದುರು ದಡಕ್ಕೆ ಹೋಗುತ್ತೇನೆ, ಬಾರದಿದ್ದರೆ ನಿಮ್ಮ ಥಿಯೇಟರಿಗೆ ಬರುತ್ತೇನೆ.

ಎರಡನೇ ಮಹಡಿಯ ಆಯಾ,
ಸರ್ಮೀತೆ


ಅಗ್ಲಸಾಲ
ಏಪ್ರಿಲ್ 27

ಸರ್ಮೀತೆ,

ನಿನ್ನ ಪತ್ರ ಓದಿ ಬೀದಿಗೆ ಕೇಳುವಂತೆ ಬೈದೆ. ಪಕ್ಕದ ಮನೆಯ ನಾಯಿ ಬೊಗಳಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದರೆ ಇದೇ. ಒಂದು ಜೀವ ಉಳಿಸಿದ್ದಕ್ಕೆ ಲೋಪದ ವರದಿ!

ನಿನಗೆ ಸಕ್ಷನ್ ಕಲಿಸಿದ್ದು ನೆನಪಿದೆಯೇ? "ಟ್ಯೂಬು ಒಳಗೆ ಹೋಗೋವಾಗ ನಿನ್ನ ಉಸಿರೂ ಹಿಡ್ಕೋ," ಅಂದಿದ್ದೆ. "ನಿನಗೆ ಯಾವಾಗ ಉಸಿರು ಬೇಕು ಅನ್ಸತ್ತೋ ಆಗ ರೋಗಿಗೂ ಬೇಕು. ಆಗ ಹೊರಗೆ ತೆಗಿ." ನೀನು ಟ್ಯೂಬು ಹೊರಗೆ ತೆಗೆದೆ, ನಿನ್ನ ಉಸಿರು ಬಿಡುವುದನ್ನು ಮರೆತು ಬಕೆಟ್ಟಿನ ಮೇಲೆ ಬಿದ್ದೆ. ಮುದುಕ ರೋಗಿ ಎದ್ದು ಕೂತು ನಿನ್ನನ್ನು ನೋಡಿದ.

ಆ ಕಲಿತ ಕೈ ಅಲ್ಲಿ ಆಲೂಗಡ್ಡೆ ಹಿಚುಕುತ್ತಿದೆ. ಇಲ್ಲಿ ನಾನು ಮಂಗಳವಾರಕ್ಕಾಗಿ ಆರು ದಿನ ಕಾಯುತ್ತೇನೆ. ಆಗಸ್ಟ್ ತನಕ ಯಾಕೆ? ಈಗಲೇ ಬಾ.

ದೊನಾಟ್ಸ್


ಸ್ಟೈನ್‌ವಿಕ
ಮೇ 30

ಡಾಕ್ಟ್ರೇ,

ಓಸ್ಲೋದಿಂದ ಇನ್ನೂ ಕಾಗದ ಬಂದಿಲ್ಲ. ನನ್ನ ನರ್ಸಿಂಗ್ ಶಾಲೆಯ ಪ್ರಿನ್ಸಿಪಾಲರು ಬದುಕಿದ್ದರೆ, ಅವರು ಬರೆದುಕೊಟ್ಟರೆ ಪರಿಶೀಲಿಸುತ್ತಾರಂತೆ. ಅವರು ನಿಮ್ಮ ಕಡೆಯ ಹಳ್ಳಿಯಲ್ಲೇ ಇರಬೇಕು. ನಿಮ್ಮನ್ನು ಕೇಳಲು ನಾಚಿಕೆಯಾಗುತ್ತದೆ. ಆದರೂ ಕೇಳುತ್ತಿದ್ದೇನೆ.

ಬಕೆಟ್ಟಿನ ಕಥೆಯನ್ನು ಹಬ್ತೋಮನಿಗೆ ಹೇಳಿದೆ. ಮೇಷ್ಟ್ರ ಬುದ್ಧಿ, ಬಿಡಲಿಲ್ಲ. "ಯಾಕೆ ಹಿಡೀಬೇಕು? ಎಷ್ಟು ಹೊತ್ತು? ಒಳಗೆ ಹೋಗೋವಾಗ ಎಳೆದ್ರೆ ಏನಾಗತ್ತೆ?" ಎಂದು ಕೇಳಿದ. ಕೊನೆಗೆ ಒಂದು ದಿನ ಕೆಟ್ಟ ಯಂತ್ರವೊಂದನ್ನು ಇಟ್ಟುಕೊಂಡು, ಜ್ಯೂಸಿನ ಬಾಟಲಿಯನ್ನೇ ಗಂಟಲು ಮಾಡಿ ಎಲ್ಲ ತೋರಿಸಿಕೊಟ್ಟೆ. ಕೆನ್ನೆ ಉಬ್ಬಿಸಿಕೊಂಡು ಉಸಿರು ಹಿಡಿದ. ಮಗು ನೀರಿಗೆ ಮುಳುಗುವಾಗ ಮಾಡುತ್ತದಲ್ಲ, ಹಾಗೆ.

"ಇದನ್ನ ಮುಟ್ಟೋ ಹಾಗಿಲ್ಲ ನೀನು, ಗೊತ್ತಲ್ಲ?" ಅಂದೆ.

"ಗೊತ್ತಕ್ಕಾ. ನೀನೂ ಮುಟ್ಟೋ ಹಾಗಿಲ್ಲ," ಅಂದ.

ಅವನ ಕೆಲಸ ಚಳಿಗಾಲದಲ್ಲಿ ಖಾಯಂ ಆಗಬೇಕು. ಹಾಗಾದರೆ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕರೆಸಿಕೊಳ್ಳಬಹುದು. ಚಿಕ್ಕವಳನ್ನು ಅವನು ಇನ್ನೂ ನೋಡಿಲ್ಲ.

ಸರ್ಮೀತೆ


ಅಗ್ಲಸಾಲ
ಜೂನ್ 22

ಸರ್ಮೀತೆ,

ಪ್ರಿನ್ಸಿಪಾಲ್ ಬದುಕಿದ್ದಾಳೆ. ತೊಂಬತ್ತೊಂದು. ಕಿವಿ ಹೋಗಿದೆ, ಬಾಯಿ ಗಟ್ಟಿಯಿದೆ. ಬೂದು ಬಟಾಣಿಯನ್ನು ಹಂದಿಯ ಕೊಬ್ಬಿನಲ್ಲಿ ಬೇಯಿಸಿ ಎರಡು ತಟ್ಟೆ ತಿನ್ನಿಸಿ, ಆಮೇಲೆ ಸಹಿ ಹಾಕಿದಳು. "ಸರ್ಮೀತೆನಾ? ಮಕ್ಕಳ ವಾರ್ಡಲ್ಲಿ ಅಳ್ತಾ ನಿಂತಿರ್ತಿದ್ಲು. ಅದನ್ನೂ ಗಂಟೆಗೆ ಸೇರಿಸ್ಲಾ?" ಅಂದಳು.

ಪತ್ರ ಇದರ ಜೊತೆಗಿದೆ. ಸಾಕ್ಷಿಯ ಜಾಗದಲ್ಲಿ ನನ್ನ ಸಹಿ. ಇದನ್ನು ಅಂಚೆಗೆ ಹಾಕದೇ ಇದ್ದರೆ ನೀನು ಆಗಸ್ಟಿನಲ್ಲಿ ಇಲ್ಲಿರುತ್ತೀಯ ಎಂದು ನನಗೆ ಗೊತ್ತು. ಎರಡು ದಿನ ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ಈಗ ಹಾಕುತ್ತಿದ್ದೇನೆ.

ದೊನಾಟ್ಸ್


ಸ್ಟೈನ್‌ವಿಕ
ಸೆಪ್ಟೆಂಬರ್ 21

ಡಾಕ್ಟ್ರೇ,

ಆಗಸ್ಟ್ ಇಪ್ಪತ್ತಕ್ಕೆ ಓಸ್ಲೋದಿಂದ ಉತ್ತರ ಬಂತು. ಪುರಾವೆ ತಲುಪಿದೆ, ಎಂಟು ವಾರದಲ್ಲಿ ತೀರ್ಮಾನ. ಅದಕ್ಕೇ ಬರಲಿಲ್ಲ. ಬರೆಯಬೇಕಿತ್ತು, ಬರೆಯಲಿಲ್ಲ.

ಮಂಗಳವಾರ ಹಿಲ್ಮಾರ್ ಹೋದ. ಅವನ ಬಗ್ಗೆ ನಿಮಗೆ ಹೇಳಿಲ್ಲ. ನಮ್ಮ ಮಹಡಿಯ ಮುದುಕ, ದೋಣಿಯ ಎಂಜಿನ್ ರಿಪೇರಿ ಮಾಡುತ್ತಿದ್ದವನು. ಪಾರ್ಶ್ವವಾಯುವಾಗಿ ಮಾತು ನಿಂತಿತ್ತು, ನುಂಗುವುದು ಕಷ್ಟ. ದಿನಾ ಊಟವಾದ ಮೇಲೆ ಕೈ ಒರೆಸಿದ ಕಾಗದವನ್ನು ನಾಲ್ಕಾಗಿ ಮಡಿಸಿ ನನ್ನ ಜೇಬಿಗೆ ಹಾಕುತ್ತಿದ್ದ.

12.40ಕ್ಕೆ ಗಂಟಲಲ್ಲಿ ಗೊರಗೊರ ಶುರುವಾಯಿತು. ಮಗ್ಗುಲಾಗಿ ತಿರುಗಿಸಿ ನರ್ಸಿನ ಕರೆಗಂಟೆ ಒತ್ತಿದೆ. 12.51ಕ್ಕೆ ನರ್ಸ್ ಬಂದಳು. ಅವಳು ಮೂರನೇ ಮಹಡಿಯಲ್ಲಿದ್ದಳು. 12.58ಕ್ಕೆ ಮುಗಿದಿತ್ತು.

ಮೈ ಒರೆಸಿದೆ. ಹಾಸಿಗೆ ಬದಲಿಸಿದೆ. ಆವತ್ತಿನ ಊಟ ಮೀನಿನ ಉಂಡೆ, ಬಿಳಿ ಸಾರು. ಈಗ ಆ ಕೋಣೆಗೆ ಬೇರೊಬ್ಬರು ಬಂದಿದ್ದಾರೆ. ಮಳೆಯಿಲ್ಲ, ಒಣ ಹವೆ. ನಾನು ಚೆನ್ನಾಗಿದ್ದೇನೆ.

ಸರ್ಮೀತೆ


ಅಗ್ಲಸಾಲ
ಅಕ್ಟೋಬರ್ 2

ಸರ್ಮೀತೆ,

ನಾಲ್ಕು ಸಲ ಓದಿದೆ. 12.40 ಇದೆ, 12.51 ಇದೆ. ನಡುವೆ ಎರಡು ಚೌಕ ಖಾಲಿ. ಹದಿನಾಲ್ಕು ವರ್ಷದಲ್ಲಿ ನೀನು ಒಂದು ಚೌಕವನ್ನೂ ಖಾಲಿ ಬಿಟ್ಟವಳಲ್ಲ. ಥಿಯೇಟರಿನ ಕರೆಂಟು ಹೋದಾಗ ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು ಬರೆದವಳು.

ತುಂಬಿಸು. ನನಗಾಗಿ ಅಲ್ಲ.

ದೊನಾಟ್ಸ್


ಸ್ಟೈನ್‌ವಿಕ
ಅಕ್ಟೋಬರ್ 15

ಡಾಕ್ಟ್ರೇ,

12.40ರಿಂದ 12.45. ತುಟಿ ನೀಲಿ. ಕಣ್ಣು ತೆರೆದಿತ್ತು, ನನ್ನನ್ನೇ ನೋಡುತ್ತಿತ್ತು. ಗೋಡೆಯ ಪೆಟ್ಟಿಗೆ ನನ್ನಿಂದ ಎರಡು ಹೆಜ್ಜೆ. ಬೀಗವಿರಲಿಲ್ಲ. ಯಂತ್ರದ ಬ್ಯಾಟರಿ ತುಂಬಿದೆ ಎಂಬ ಹಸಿರು ದೀಪ ಉರಿಯುತ್ತಿತ್ತು. ಹಿಲ್ಮಾರ್ ಆ ಕಡೆ ಬೆರಳು ತೋರಿಸಿದ. ಅವನು ಎಂಜಿನ್ ಕೆಲಸದವನು, ಯಾವ ಯಂತ್ರ ಏನು ಮಾಡುತ್ತದೆಂದು ಅವನಿಗೆ ಗೊತ್ತಾಗುತ್ತಿತ್ತು.

ನಾನು ಗಂಟೆಯನ್ನು ಮತ್ತೆ ಒತ್ತಿದೆ. ಓಸ್ಲೋದ ಎಂಟು ವಾರದಲ್ಲಿ ನಾಲ್ಕು ಕಳೆದಿದೆ, ಇನ್ನು ನಾಲ್ಕಿದೆ ಎಂದು ಲೆಕ್ಕ ಹಾಕಿದೆ. ಹೌದು, ಅವನ ಕೈ ಹಿಡಿದುಕೊಂಡೇ ಲೆಕ್ಕ ಹಾಕಿದೆ.

12.45ರಿಂದ 12.50. ನಾನು ಉಸಿರು ಹಿಡಿದಿದ್ದೆ. ಕೈಯಲ್ಲಿ ಟ್ಯೂಬಿಲ್ಲ, ಆದರೂ ಹಿಡಿದಿದ್ದೆ. ನನಗೆ ಉಸಿರು ಬೇಕೆನಿಸಿತು, ತೆಗೆದುಕೊಂಡೆ. ಮತ್ತೆ ಹಿಡಿದೆ, ಮತ್ತೆ ತೆಗೆದುಕೊಂಡೆ. ಅವನು ತೆಗೆದುಕೊಳ್ಳಲಿಲ್ಲ. 12.47ರ ಸುಮಾರಿಗೆ ಕೈ ಸಡಿಲಾಯಿತು.

ಲೋಪದ ವರದಿ ಯಾರೂ ಬರೆಯಲಿಲ್ಲ. ಲೋಪವೇ ಆಗಿಲ್ಲವಲ್ಲ. ಟುರಿಡ್ ಬೆನ್ನು ಸವರಿ, "ನೀನು ಎಲ್ಲಾ ಸರಿಯಾಗೇ ಮಾಡ್ದೆ ಕಣೆ," ಅಂದಳು. ಹಬ್ತೋಮ್ ಬಾಗಿಲಲ್ಲಿ ನಿಂತಿದ್ದ. ಅವನು ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಅಳು ಬಂದಿಲ್ಲ. ಬರಬಹುದೆಂದು ಕಾಯುತ್ತಿದ್ದೇನೆ. ಕೆಲಸಕ್ಕೆ ಹೋಗುತ್ತೇನೆ, ಊಟ ಮಾಡುತ್ತೇನೆ, ನಿದ್ದೆಯೂ ಬರುತ್ತದೆ.

ಒಂದು ಮಾತು. ಥಿಯೇಟರಿನ ಗಡುವು ಆಗಸ್ಟಿಗೇ ಮುಗಿಯಿತು. ನಿಮ್ಮ ಕಳೆದ ಪತ್ರದಲ್ಲಿ ಅದರ ಸುದ್ದಿಯಿಲ್ಲ. 'ವಾಪಸ್ ಬಾ' ಎಂದೂ ಬರೆದಿಲ್ಲ. ನಿಮ್ಮ ಚೌಕವೂ ಖಾಲಿಯಿದೆ.

ಸರ್ಮೀತೆ


ಅಗ್ಲಸಾಲ
ನವೆಂಬರ್ 3

ಸರ್ಮೀತೆ,

ಸಿಕ್ಕಿಹಾಕಿಕೊಂಡೆ. ಬರೆಯುತ್ತೇನೆ.

ಆಗಸ್ಟ್ 31ಕ್ಕೆ ಥಿಯೇಟರಿಗೆ ಬೀಗ ಬಿತ್ತು. ಬೀಗದ ಕೈಯನ್ನು ನಾನೇ ಕೊಟ್ಟೆ. ಅವತ್ತು ಸಂಜೆಯ ಬಸ್ಸಿಗೆ ನೀನು ಬಂದರೂ ಬಂದೀಯೆ ಎಂದು ನಿಲ್ದಾಣಕ್ಕೆ ಹೋಗಿ ನಿಂತಿದ್ದೆ. ಇದನ್ನು ಯಾರಿಗೂ ಹೇಳಿಲ್ಲ. ಈಗ ಪಾಲಿಕ್ಲಿನಿಕ್ಕಿನಲ್ಲಿ ಕೂತು ಡ್ರೈವಿಂಗ್ ಲೈಸೆನ್ಸಿಗೆ ಕಣ್ಣು ಸರಿಯಿದೆ ಎಂದು ಬರೆದುಕೊಡುತ್ತೇನೆ. ನಲವತ್ತು ವರ್ಷ ಜನರನ್ನು ಮಲಗಿಸಿ ಎಬ್ಬಿಸಿದವನು, "ಕೊನೇ ಸಾಲು ಓದಿ" ಅನ್ನುತ್ತಿದ್ದೇನೆ. ನಮ್ಮ ಅರಿವಳಿಕೆ ಯಂತ್ರವನ್ನು ದನದ ಡಾಕ್ಟರ್ ಕೇಳಿದ್ದಾನೆ. "ನನ್ನನ್ನೂ ಜೊತೆಗೆ ತಗೊಂಡ್ಹೋಗಪ್ಪ," ಅಂದೆ. ನಗಲಿಲ್ಲ, ಯೋಚಿಸಿದ.

ಸೆಪ್ಟೆಂಬರಿನಲ್ಲಿ ಇಬ್ಬರು ಆಂಬುಲೆನ್ಸಿನಲ್ಲೇ ಹೆತ್ತರು. ಒಂದು ಮಗು ಉಳಿಯಿತು.

ಇದನ್ನು ನಿನಗೆ ಬರೆಯಬಾರದೆಂದಿದ್ದೆ. ನೀನು ನಿನ್ನ ತಲೆಗೇ ಕಟ್ಟಿಕೊಳ್ಳುತ್ತೀಯ ಎಂದು. ಆದರೆ ನಿನಗೆ ತುಂಬಿಸು ಎಂದು ಹೇಳಿ ನಾನು ಬಿಟ್ಟರೆ ಹೇಗೆ?

ಹಿಲ್ಮಾರನ ವಿಷಯ. ನಿನ್ನನ್ನು ಕ್ಷಮಿಸಲು ನಾನು ಯಾರೂ ಅಲ್ಲ. ಬೈಯಲೂ ಆಗುತ್ತಿಲ್ಲ. ಆ ಹನ್ನೊಂದು ನಿಮಿಷ ನೀನು ಯಾವ ಕಾಗದಕ್ಕಾಗಿ ಕಾದೆಯೋ ಅದಕ್ಕೆ ಸಾಕ್ಷಿಯ ಸಹಿ ನನ್ನದು.

ಇನ್ನು ಬಾ ಎನ್ನುವುದಿಲ್ಲ. ಬಂದು ಮಾಡುವುದಕ್ಕೆ ಇಲ್ಲೇನೂ ಉಳಿದಿಲ್ಲ. ಬರೆಯುತ್ತಿರು.

ದೊನಾಟ್ಸ್


ಸ್ಟೈನ್‌ವಿಕ
ಜನವರಿ 18

ಡಾಕ್ಟ್ರೇ,

ಎರಡೂವರೆ ತಿಂಗಳು ಬರೆಯಲಿಲ್ಲ. ಉಳಿಯದ ಆ ಮಗುವಿನ ಸಾಲನ್ನು ದಾಟಿ ನಿಮ್ಮ ಪತ್ರದಲ್ಲಿ ಮುಂದೆ ಓದಲು ಇಷ್ಟು ದಿನ ಬೇಕಾಯಿತು.

ನವೆಂಬರ್ ಕೊನೆಗೆ ಕಾಗದ ಬಂತು. ಎಂಟು ವಾರ ಹದಿನಾಲ್ಕಾಗಿತ್ತು. ಟುರಿಡ್ ಕೇಕ್ ತಂದಳು, ಮೇಲೆ ಚಿಕ್ಕ ಬಾವುಟ ಚುಚ್ಚಿದ್ದಳು. ಕಾಗದದಲ್ಲಿ 'ನರ್ಸ್' ಎಂದಷ್ಟೇ ಇದೆ. ಅರಿವಳಿಕೆಗೆ ಬೇರೆ ಅರ್ಜಿ, ಬೇರೆ ಪುರಾವೆ, ಬೇರೆ ವರ್ಷಗಳು. ಎದುರು ದಡದವರ ಜಾಹೀರಾತು ಇನ್ನೂ ಗೋಡೆಯ ಮೇಲಿದೆ. ಡೆನ್ಮಾರ್ಕಿನವರನ್ನು ನಿಲ್ಲಿಸಿ ಮೂರು ಮಹಡಿಯ ಬೀಗದ ಕೈಯನ್ನೂ ನನಗೇ ಕೊಟ್ಟರು. ಈಗ ಗಂಟೆ ಬಾರಿಸಿದಾಗ ಓಡುವವಳು ನಾನು. ಮೂರನೆಯದರಿಂದ ಎರಡನೆಯದಕ್ಕೆ ಬರಲು ಎಷ್ಟು ಹೊತ್ತಾಗುತ್ತದೆಂದು ಈಗ ಕಾಲಿಗೇ ಗೊತ್ತು. ಆ ಡೇನಿಷ್ ಹುಡುಗಿಯನ್ನು ಮನಸ್ಸಿನಲ್ಲೇ ಬೈದಿದ್ದೆ. ಪಾಪ, ಅವಳದೇನೂ ತಪ್ಪಿರಲಿಲ್ಲ.

ಮೊನ್ನೆ ಬೆಳಿಗ್ಗೆ 9.20ಕ್ಕೆ ಎರಡನೇ ಮಹಡಿಯ ಗಂಟೆ. ನಾನು ಮೂರನೆಯದರಲ್ಲಿ ಒಬ್ಬರಿಗೆ ಇನ್ಸುಲಿನ್ ಚುಚ್ಚುತ್ತಿದ್ದೆ, ಇನ್ನೊಬ್ಬರು ಬಚ್ಚಲಲ್ಲಿ ಬಿದ್ದಿದ್ದರು. ಇಳಿದು ಬಂದಾಗ 9.29. ಆಸ್ತಾಳ ಕೋಣೆ. ಗೋಡೆಯ ಪೆಟ್ಟಿಗೆ ತೆರೆದಿತ್ತು. ಹಬ್ತೋಮ್ ಹಾಸಿಗೆಯ ಪಕ್ಕ ನಿಂತಿದ್ದ, ಒಂದು ಕೈಯಲ್ಲಿ ಅಜ್ಜಿಯ ಗದ್ದ, ಇನ್ನೊಂದರಲ್ಲಿ ಟ್ಯೂಬು. ಕೆನ್ನೆ ಉಬ್ಬಿತ್ತು, ಕಣ್ಣಲ್ಲಿ ನೀರು. ಉಸಿರು ಹಿಡಿದಿದ್ದ. ಅಜ್ಜಿಯ ತುಟಿ ಕೆಂಪಾಗಿತ್ತು.

"ತೆಗಿ," ಅಂದೆ. ತೆಗೆದ. "ಈಗ ನೀನೂ ಉಸಿರು ಬಿಡೋ," ಅಂದೆ.

ಅವನು ಗೋಡೆಗೆ ಒರಗಿ ಕುಸಿದು ಕೂತ. ಆಸ್ತಾ ನಮ್ಮಿಬ್ಬರನ್ನೂ ನೋಡಿ, "ಈ ಮನೇಲಿ ಯಾರಾದ್ರೂ ವಾಫಲ್ ಕೊಡೋರಿದ್ದೀರಾ?" ಅಂದಳು.

"ಅಕ್ಕಾ, ಬರ್ಕೋ. ನಾನೇ ಮುಟ್ಟಿದೆ ಅಂತ ಬರ್ಕೋ," ಅಂದ ಹಬ್ತೋಮ್. "ಹಿಲ್ಮಾರ್ ಹೋದಾಗ ನಾನು ಬಾಗಿಲಲ್ಲೇ ಇದ್ದೆ. ನನಗೂ ಬರ್ತಿತ್ತು. ನೀನೇ ಕಲಿಸಿದ್ದೆ. ಇನ್ನೊಂದ್ಸಲ ಹಾಗೆ ನಿಂತ್ಕೊಳ್ಳೋಕೆ ನನ್ನ ಕೈಲಾಗಲ್ಲ."

"ಖಾಯಂ ಪತ್ರ ಯಾವಾಗ ಬರೋದು?"

"ಮುಂದಿನ ತಿಂಗಳು."

"ಹೋಗು, ವಾಫಲ್ ತಾ," ಅಂದೆ.

ಅವನು ಹೋದ ಮೇಲೆ ಔಷಧದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ನಾಲ್ಕು ತಿಂಗಳ ಮೇಲೆ ಬಂತು. ಹಿಲ್ಮಾರನಿಗೆ, ನಿಮ್ಮೂರಿನ ಆ ಮಗುವಿಗೆ, ಬಸ್ ನಿಲ್ದಾಣದಲ್ಲಿ ನಿಂತ ನಿಮಗೆ. ಮುಖ ತೊಳೆದುಕೊಂಡು ಬಂದು ವರದಿ ಬರೆಯಲು ಕೂತೆ.

9.20: ಕರೆಗಂಟೆ. 9.21: ನರ್ಸ್ ಕೋಣೆಯಲ್ಲಿ ಹಾಜರು. ನರ್ಸಿನಿಂದ ತರಬೇತಿ ಪಡೆದ ಸಹಾಯಕ, ಆಕೆಯ ಆದೇಶದಂತೆ, ಆಕೆಯ ಕಣ್ಣೆದುರು ಸಕ್ಷನ್ ಮಾಡಿದ. 9.25: ಉಸಿರಾಟ ಸರಾಗ. 9.30: ರೋಗಿ ವಾಫಲ್ ಕೇಳಿದರು.

ಒಂದು ಚೌಕವನ್ನೂ ಖಾಲಿ ಬಿಡಲಿಲ್ಲ.

ಇದು ನಾನು ಕಾಗದದ ಮೇಲೆ ಬರೆದ ಎರಡನೆಯ ಸುಳ್ಳು, ಡಾಕ್ಟ್ರೇ. ಮೊದಲನೆಯದಕ್ಕೆ ನೀವು ಸಹಿ ಹಾಕಿದ್ದಿರಿ. ಇದಕ್ಕೆ ನಾನೇ ಹಾಕಿದೆ. ಈಗ ನನಗೆ ಆ ಅಧಿಕಾರವಿದೆ.

ಸರ್ಮೀತೆ,
ನರ್ಸ್